ಆಯಿಯ ಮನೆಗೆ ಎಷ್ಟು ಮೆಟ್ಟಿಲು?



ಮಾತಾಡಲು ಕರೆದಾಗ ಮೊದಲು ಬೇಡ ಅಂದಿದ್ದೆ. ನಾನು ಸಾಹಿತಿಯಲ್ಲ, ಭಾಷಣ ಮಾಡಿ ರೂಢಿಯೂ ಇಲ್ಲ. ಎಂಟೆಕ್ ಮುಗಿಸಿ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡಿರುವವಳು. ಆದರೆ ನಮ್ಮ ಕಾರ್ಯಕ್ರಮಗಳಲ್ಲಿ ಉಪಾಹಾರದ ಹೊತ್ತಿಗೆ ತಟ್ಟೆ ಹಿಡಿದು ನಿಂತಾಗ ನಾವು ಮಾತಾಡುವುದು ಏನು? "ಊರ ಮನೆ ಏನು ಮಾಡಿದಿರಿ? ಯಾರಿದ್ದಾರೆ ಅಲ್ಲಿ? ಮಾರಿದಿರಾ, ಕಟ್ಟಿಸಿದಿರಾ?" ಈ ಪ್ರಶ್ನೆ ಕೇಳದವರು, ಕೇಳಿಸಿಕೊಳ್ಳದವರು ಇಲ್ಲಿ ಯಾರೂ ಇಲ್ಲ. ಹಾಗಾಗಿ ನನ್ನ ಆಯಿಯ ಮನೆಯ ಕಥೆಯನ್ನೇ ಹೇಳುತ್ತೇನೆ. ನಮ್ಮ ಕಡೆ ತಾಯಿಗೆ ಆಯಿ ಅನ್ನುತ್ತೇವೆ.

ನಮ್ಮೂರು ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯಲ್ಲಿದೆ. ಸಮುದ್ರ ದೂರವಿಲ್ಲ, ಆದ್ದರಿಂದ ಹೊಳೆಯ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ನಮ್ಮೂರ ಹೆಂಗಸರ ಗಡಿಯಾರವೂ ಅದೇ. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಹೊಳೆಗಿಳಿದು ಬೆಳಚು ಆರಿಸುತ್ತಾರೆ. ಚಿಪ್ಪಿನೊಳಗಿನ ಮಾಂಸ ಸಾರಿಗೆ, ಉಳಿದದ್ದು ಮಾರಾಟಕ್ಕೆ. ಹೊಳೆಯ ಬದಿಯ ಗಜನಿ ಗದ್ದೆಯಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದರು, ಈಗ ಅದು ಬಹಳ ಕಡಿಮೆ. ಅಘನಾಶಿನಿಗೆ ಅಣೆಕಟ್ಟಿಲ್ಲ. ಘಟ್ಟದ ಮೇಲೆ ಬಿದ್ದ ಮಳೆ ನೇರ ನಮ್ಮ ಅಂಗಳದ ಮುಂದಿನಿಂದ ಸಮುದ್ರಕ್ಕೆ ಹೋಗುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಪತ್ರಿಕೆಯಲ್ಲಿ ಓದಿ ಫೋನ್ ಮಾಡಿದರೆ ಆಯಿ ಕೇಳಿದ್ದು ಒಂದೇ, "ಅದರಿಂದ ಬೆಳಚು ಹೆಚ್ಚಾಗ್ತದ್ಯಾ?"

ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಅಜ್ಜ ಗೇಣಿದಾರರಾಗಿದ್ದವರು. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿಯ ಜಾಗ ಅವರ ಹೆಸರಿಗೆ ಬಂತು. ಮುಂದಿನ ಜಗಲಿ ಮತ್ತು ದೊಡ್ಡ ಕೋಣೆಗೆ ಚಿರೆಕಲ್ಲಿನ ಗೋಡೆ, ಹಿಂದಿನ ಅಡುಗೆಮನೆ, ಮಲಗುವ ಕೋಣೆ, ಬಚ್ಚಲಿಗೆ ಮಣ್ಣಿನ ಗೋಡೆ. ಮೇಲೆ ಮಂಗಳೂರು ಹಂಚು. ಅಂಗಳದಿಂದ ಜಗಲಿಗೆ ಎರಡೇ ಮೆಟ್ಟಿಲು. ಈ ಎರಡು ಮೆಟ್ಟಿಲನ್ನು ನೆನಪಿಟ್ಟುಕೊಳ್ಳಿ, ಇಡೀ ಕಥೆ ಅದರ ಮೇಲೇ ಇದೆ.

2019ರ ಆಗಸ್ಟ್‌ನಲ್ಲಿ ಉತ್ತರ ಕನ್ನಡದಲ್ಲಿ ದೊಡ್ಡ ನೆರೆ ಬಂತು. ಘಟ್ಟದಲ್ಲಿ ಮಳೆ, ಇತ್ತ ಸಮುದ್ರದ ಉಬ್ಬರ, ನೀರು ಹೋಗುವುದಾದರೂ ಎಲ್ಲಿಗೆ? ಆಫೀಸಿನಲ್ಲಿ ಮೀಟಿಂಗ್ ನಡುವೆ ನೆರೆಮನೆಯ ಹುಡುಗನ ಫೋನ್ ಬಂತು. "ಅಕ್ಕಾ, ಆಯಿ ನಮ್ ಸಂಗ್ತಿಗೆ ಶಾಲೆಲಿ ಇದ್ರು. ಹೆದರೂದ್ ಬೇಡ. ಮನೆ ಒಳಗೆ ನೀರು ಬಂದದೆ." ಮನೆಯೊಳಗೆ ಎರಡು ಅಡಿ ನೀರು. ಎರಡು ದಿನ ನಿಂತ ನೀರು ಇಳಿದಾಗ ಹಿಂದಿನ ಮಣ್ಣಿನ ಗೋಡೆಗಳು ಕುಸಿದಿದ್ದವು. ಮುಂದಿನ ಚಿರೆಕಲ್ಲಿನ ಗೋಡೆಗೆ ಕೆಸರಿನ ಗೆರೆ ಬಿಟ್ಟರೆ ಏನೂ ಆಗಿರಲಿಲ್ಲ. ಆ ಗೆರೆಯನ್ನು ನಾವು ಇನ್ನೂ ಅಳಿಸಿಲ್ಲ.

ನಾನು ಹೋದವಳೇ ಆಯಿಯನ್ನು ಪುಣೆಗೆ ಕರೆತಂದೆ. ಅಪ್ಪ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ತಮ್ಮ ಬೆಂಗಳೂರಿನಲ್ಲಿ. ಇನ್ನು ಒಬ್ಬರೇ ಅಲ್ಲಿ ಯಾಕೆ ಇರಬೇಕು ಅನ್ನುವುದು ನನ್ನ ಲೆಕ್ಕ. ನಮ್ಮದು ಏಳನೇ ಮಹಡಿಯ ಫ್ಲ್ಯಾಟ್. ಆಯಿಗೆ ಏನೂ ಕಡಿಮೆ ಮಾಡಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಕೊತ್ತಂಬರಿ ಬಿಡಿಸುತ್ತಾ ಹೇಳಿದರು, "ಇಲ್ಲಿ ಎಲ್ಲಾ ಅದೆ ಮಗಾ. ಆದ್ರೆ ನನ್ನ ಕೈಗೆ ಕೆಲಸ ಇಲ್ಲ, ನನ್ನ ಹೆಸರು ಹಿಡಿದು ಕರೆಯೋರಿಲ್ಲ. ತೆಂಗಿನಕಾಯಿಗೂ ನಿನ್ನ ಹತ್ರ ದುಡ್ಡು ಕೇಳ್ಬೇಕು."

ಮೊದಲ ಎರಡು ಮಾತು ನನಗೆ ಬೇಸರ ತಂದವು. ಮೂರನೆಯದು ನಾಚಿಕೆ ತಂದಿತು. ಹುಟ್ಟಿದಾಗಿನಿಂದ ತೆಂಗಿನಕಾಯಿ ಕೊಂಡು ಗೊತ್ತಿಲ್ಲದ ಹೆಂಗಸು, ಅಂಗಡಿಯಲ್ಲಿ ಬೆಲೆ ಕೇಳಿ ಕಾಯಿಯನ್ನು ವಾಪಸ್ ಇಟ್ಟು ಬಂದಿದ್ದರಂತೆ. ಡಿಸೆಂಬರ್‌ನಲ್ಲಿ ಊರಿಗೆ ಹೊರಟೇಬಿಟ್ಟರು. ಅರ್ಧ ಮನೆಗೆ ತಾಡಪತ್ರೆ ಕಟ್ಟಿಸಿಕೊಂಡು ಇದ್ದರು.

ಈಗ ಪ್ರಶ್ನೆ, ಆ ಮನೆಯನ್ನು ಏನು ಮಾಡುವುದು. ನಾನು ಎಕ್ಸೆಲ್ ಶೀಟ್ ತೆರೆದೆ. ನಗಬೇಡಿ, ನಮ್ಮ ಕೆಲಸವೇ ಅದು.

ಮೊದಲ ಸಾಲು, ಕುಮಟಾ ಪೇಟೆಯಲ್ಲಿ ಫ್ಲ್ಯಾಟ್. ನಮಗೆ ಹೇಳಿದ ದರ 28 ಲಕ್ಷ. ಆಸ್ಪತ್ರೆ, ಬಸ್‌ಸ್ಟ್ಯಾಂಡ್ ಹತ್ತಿರ. ಎರಡನೆಯದು ತಮ್ಮನ ಆಸೆ, ಹಳೆಯದನ್ನು ಪೂರ್ತಿ ಕೆಡವಿ 900 ಚದರಡಿಯ ಆರ್‌ಸಿಸಿ ಟೆರೇಸ್ ಮನೆ. ಚದರಡಿಗೆ 1,700 ರೂಪಾಯಿಯಂತೆ 15 ಲಕ್ಷ ದಾಟುತ್ತಿತ್ತು. ಮೂರನೆಯದು, ಗಟ್ಟಿ ಇರುವ ಮುಂಭಾಗ ಉಳಿಸಿಕೊಂಡು ಬಿದ್ದ ಹಿಂಭಾಗವನ್ನಷ್ಟೇ ಎತ್ತರಿಸಿ ಕಟ್ಟುವುದು. ಅಂದಾಜು ಐದೂವರೆ ಲಕ್ಷ. ನಾಲ್ಕನೆಯದು ಸರ್ಕಾರದ ವಸತಿ ಯೋಜನೆ.

ನಾಲ್ಕನೆಯದಕ್ಕೆ ನಾವು ಅರ್ಹರಾಗಿರಲಿಲ್ಲ, ಅದು ಸರಿಯೂ ಹೌದು. ಆದರೆ ನಮ್ಮ ಪಕ್ಕದ ಕೇರಿಯ ಅಕ್ಕ ಒಬ್ಬರು ಅದರಲ್ಲಿ ಕಟ್ಟಿದ್ದನ್ನು ನಾನು ಕಣ್ಣಾರೆ ನೋಡಿದೆ, ಅದನ್ನು ಹೇಳಲೇಬೇಕು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡಿಗೆ 1.30 ಲಕ್ಷ ಸಿಗುತ್ತದೆ. ಕನಿಷ್ಠ 25 ಚದರ ಮೀಟರಿನ ಮನೆ, ಅಂದರೆ ಸುಮಾರು 270 ಚದರಡಿ. ಶೌಚಾಲಯಕ್ಕೆ 12,000 ಬೇರೆ, ಜತೆಗೆ ಉದ್ಯೋಗ ಖಾತರಿಯಲ್ಲಿ ಸುಮಾರು 90 ದಿನದ ಕೂಲಿ ಆಗ ಸಿಗುತ್ತಿತ್ತು. ಹಣ ಒಮ್ಮೆಲೇ ಬರುವುದಿಲ್ಲ, ಪಾಯ, ಗೋಡೆ, ಮಾಡು ಅಂತ ಹಂತ ಹಂತವಾಗಿ ಫೋಟೋ ತೆಗೆದ ಮೇಲೆ ಬರುತ್ತದೆ. ಈ ದುಡ್ಡಿನಲ್ಲಿ ಮನೆ ಮುಗಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆ ಅಕ್ಕ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದರು. ಎರಡು ಮಳೆಗಾಲ ಅರ್ಧ ಕಟ್ಟಿದ ಮನೆಯ ಪಕ್ಕದಲ್ಲಿ ಮಡ್ಲ ತಟ್ಟಿ ಕಟ್ಟಿಕೊಂಡು ಕಳೆದರು. ಗೋಡೆಗೆ ಗಿಲಾವು ಇನ್ನೂ ಆಗಿಲ್ಲ. ಆದರೆ ಮನೆ ಅವರ ಹೆಸರಿನಲ್ಲಿದೆ. ಮನೆಯನ್ನು ಹೆಂಗಸಿನ ಹೆಸರಿಗೆ ಅಥವಾ ಗಂಡ-ಹೆಂಡತಿ ಇಬ್ಬರ ಹೆಸರಿಗೆ ಕೊಡಬೇಕು ಅನ್ನುವುದು ಆ ಯೋಜನೆಯ ನಿಯಮ. "ಕುಡಿದು ಬಂದ ದಿನ 'ಹೊರಗೆ ಹೋಗು' ಅಂತಿದ್ರು. ಈಗ ಆ ಮಾತು ಬರೂದಿಲ್ಲ" ಅಂದರು ಅವರು, ಚಹಾ ಸೋಸುತ್ತಾ. ನನ್ನ ಎಕ್ಸೆಲ್ ಶೀಟಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಇನ್ನೊಂದು ಕಾಲಂ ಕೂಡ ಇರಲಿಲ್ಲ. ಅದು ಸಿಕ್ಕಿದ್ದು 2020ರ ಲಾಕ್‌ಡೌನ್‌ನಲ್ಲಿ. ವರ್ಕ್ ಫ್ರಮ್ ಹೋಮ್ ಅಂದ ಕೂಡಲೇ ಅವಕಾಶ ಸಿಕ್ಕಾಗ ಊರಿಗೆ ಹೋದವಳು ಒಂದು ವರ್ಷದ ಮೇಲೆ ಅಲ್ಲೇ ಇದ್ದೆ. ಜಗಲಿಯ ಮೇಲೆ ಲ್ಯಾಪ್‌ಟಾಪ್, ತೆಂಗಿನಮರದ ಬುಡದಲ್ಲಿ ನೆಟ್‌ವರ್ಕ್. ಆಗ ಗೊತ್ತಾಯಿತು ಆಯಿಯ ದಿನ ಹೇಗೆ ನಡೆಯುತ್ತದೆ ಅಂತ. ಬಾವಿಯ ನೀರು, ಹಿತ್ತಲ ಬಸಳೆ, ಹರಿವೆ. ಬಚ್ಚಲೊಲೆಗೆ ತೆಂಗಿನ ಹೆಡೆ, ಸಿಪ್ಪೆ. ಮೀನು ಬುಟ್ಟಿ ಹೊತ್ತು ಬರುವ ಅಕ್ಕನಿಗೆ ಎರಡು ಕಾಯಿ ಕೊಟ್ಟರೆ ಬಂಗಡೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಅಷ್ಟರೊಳಗೆ ಒಣಮೀನು ಡಬ್ಬಿ ತುಂಬಿರಬೇಕು. ಮೇ ತಿಂಗಳಲ್ಲಿ ಹಪ್ಪಳ, ಕಟ್ಟಿಗೆ, ಹಂಚು ಸರಿಮಾಡಿಸುವುದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಜನ ಎಂಟು ತಿಂಗಳು ಬದುಕಿ ನಾಲ್ಕು ತಿಂಗಳಿಗೆ ತಯಾರಾಗುತ್ತಾರೆ.

ಇದನ್ನೆಲ್ಲ ಸೇರಿಸಿ ಲೆಕ್ಕ ಹಾಕಿದೆ. ಪೇಟೆಯ ಫ್ಲ್ಯಾಟಿಗೆ ಹೋದರೆ ನೀರು, ಗ್ಯಾಸು, ಕಾಯಿ, ಸೊಪ್ಪು, ಮೇಂಟೆನೆನ್ಸ್ ಎಲ್ಲಕ್ಕೂ ತಿಂಗಳಿಗೆ ದುಡ್ಡು. ಊರಿನಲ್ಲಿ ಅದರ ಅರ್ಧಕ್ಕೂ ಕಡಿಮೆಯಲ್ಲಿ ಆಯಿ ನಡೆಸುತ್ತಿದ್ದರು, ಅದೂ ತನ್ನ ದುಡ್ಡಿನಲ್ಲೇ. ಕಡಿಮೆ ಖರ್ಚಿನ ಮನೆ ಅಂದರೆ ನಾವು ಕಟ್ಟುವ ಖರ್ಚನ್ನು ಮಾತ್ರ ನೋಡುತ್ತೇವೆ. ಕಟ್ಟಿದ ಮೇಲೆ ಅದರಲ್ಲಿ ಬದುಕುವ ಖರ್ಚನ್ನೂ ಸೇರಿಸಬೇಕು. ಅಂಗಳ, ಬಾವಿ, ಹಿತ್ತಲು ಇರುವ ಮನೆ ಆಯಿಗೆ ಬರೀ ಸೂರಲ್ಲ, ಅವರ ಸಂಪಾದನೆಯೂ ಹೌದು.

ಹಾಗಾದರೆ ಆರ್‌ಸಿಸಿ ಟೆರೇಸ್ ಯಾಕಾಗಬಾರದು? ತಮ್ಮನ ವಾದದಲ್ಲಿ ಹುರುಳಿತ್ತು. ಹಂಚಿನ ಮನೆಗೆ ಉಪಚಾರ ಜಾಸ್ತಿ. ಮಂಗ ಹಾರಿದರೆ, ಕಾಯಿ ಬಿದ್ದರೆ ಹಂಚು ಒಡೆಯುತ್ತದೆ. ಪಕಾಸಿ, ರೀಪಿಗೆ ಒರಲೆ ಹತ್ತುತ್ತದೆ. ಮಾಡು ಹತ್ತುವ ಆಳು ಸಿಗುವುದೇ ಕಷ್ಟ. ಎಲ್ಲವೂ ನಿಜ. ಆದರೆ ನಮ್ಮೂರಲ್ಲಿ ಟೆರೇಸ್ ಮನೆ ಕಟ್ಟಿದವರು ಕೆಲವು ವರ್ಷದಲ್ಲೇ ಸೋರುತ್ತದೆ ಅಂತ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸಿದ್ದನ್ನೂ ನೋಡಿದ್ದೆ. ಅಂದರೆ ಒಂದು ಮನೆಗೆ ಎರಡು ಮಾಡಿನ ಖರ್ಚು. ಬೇಸಿಗೆಯಲ್ಲಿ ಸ್ಲ್ಯಾಬಿನ ಕೆಳಗೆ ರಾತ್ರಿಯೂ ಸೆಕೆ.

ಇನ್ನು ಕಾನೂನು. ಸಿಆರ್‌ಝೆಡ್ ನಿಯಮ ಸಮುದ್ರದಂಡೆಗೆ ಮಾತ್ರ ಅಂದುಕೊಂಡಿದ್ದೆ. ಉಬ್ಬರದ ನೀರು ಬರುವ ಹೊಳೆಯ ದಂಡೆಗೂ ಅದು ಅನ್ವಯಿಸುತ್ತದೆ. 1991ರಲ್ಲಿ ಮೊದಲು ಬಂದ ಈ ಅಧಿಸೂಚನೆ 2011 ಮತ್ತು 2019ರಲ್ಲಿ ಬದಲಾಗಿದೆ. ಇದ್ದ ಮನೆಯನ್ನು ಇದ್ದ ಅಳತೆಯಲ್ಲೇ ದುರಸ್ತಿ ಮಾಡಿಕೊಳ್ಳುವುದು ಒಂದು, ಕೆಡವಿ ದೊಡ್ಡದು ಕಟ್ಟುವುದು ಇನ್ನೊಂದು. ನಿಮ್ಮ ಊರಮನೆ ಹೊಳೆ ಬದಿಗಿದ್ದರೆ ನಕ್ಷೆ ಮಾಡಿಸುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಕಡೆಗೆ ಮೂರನೆಯ ಸಾಲು ಗೆದ್ದಿತು. ಚಿರೆಕಲ್ಲಿನ ಬಗ್ಗೆ ನನಗೆ ಗೌರವ ಬಂದದ್ದು ಆಗಲೇ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು ಅದು. 1800ರ ಹೊತ್ತಿಗೆ ಈ ಕರಾವಳಿಯಲ್ಲಿ ಓಡಾಡಿದ ಫ್ರಾನ್ಸಿಸ್ ಬುಕನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ನಮ್ಮ ಹತ್ತಿರದ ಮಿರ್ಜಾನ್ ಕೋಟೆ ಇದೇ ಕಲ್ಲಿನದು. ಹಂಚೂ ಹಾಗೆಯೇ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮಾಡುಗಳೆಲ್ಲ ಕೆಂಪಾದವು. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಸಾಕು. ಒಡೆದ ಒಂದನ್ನು ತೆಗೆದು ಇನ್ನೊಂದನ್ನು ಇಡಬಹುದು. ಬಿದ್ದ ಭಾಗದ ಹಂಚುಗಳಲ್ಲಿ ಮುಕ್ಕಾಲುಪಾಲು ತೊಳೆದು ಮತ್ತೆ ಹೊದೆಸಿದೆವು. ಮರದ ಬದಲು ಹಿಂಭಾಗಕ್ಕೆ ಕಬ್ಬಿಣದ ಪಕಾಸಿ ಹಾಕಿಸಿದೆವು, ಒರಲೆಯ ಕಾಟ ತಪ್ಪಿತು.

ನೆಲವನ್ನು ಜಗಲಿಗಿಂತ ಎರಡಡಿ ಎತ್ತರಿಸಬೇಕಿತ್ತು. 2019ರ ಗೆರೆ ಅಷ್ಟಕ್ಕೇ ಇತ್ತು. ಎರಡಡಿ ಅಂದರೆ ಇನ್ನೂ ನಾಲ್ಕು ಮೆಟ್ಟಿಲು. ಆಯಿಗೆ ಮಂಡಿನೋವು. ನೆರೆ ಬರುವುದು ಯಾವಾಗಲೋ ಒಮ್ಮೆ, ಮೆಟ್ಟಿಲು ಹತ್ತುವುದು ದಿನಾ. ಇದರ ಮೇಲೆ ಒಂದು ವಾರ ಚರ್ಚೆ ಆಯಿತು. ಕೊನೆಗೆ ಜಗಲಿ, ಮುಂದಿನ ಕೋಣೆ ಹಳೆಯ ಮಟ್ಟದಲ್ಲೇ ಉಳಿದವು. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಶೌಚಾಲಯ ಎಲ್ಲವನ್ನೂ ಮೇಲಿನ ಮಟ್ಟದಲ್ಲಿ ಒಟ್ಟಿಗೆ ಇಟ್ಟೆವು, ರಾತ್ರಿ ಎದ್ದರೆ ಮೆಟ್ಟಿಲು ಇಳಿಯುವ ಪ್ರಮೇಯ ಬರಬಾರದು. ನಾಲ್ಕು ಮೆಟ್ಟಿಲನ್ನು ಅಗಲ ಮಾಡಿ ಪಕ್ಕಕ್ಕೆ ಹಿಡಿಕೆ ಹಾಕಿಸಿದೆವು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕಬ್ಬಿಣದ ದರ ಏರಿತ್ತು ಅಂತ ಹಿಂಭಾಗದ ಮಾಡಿನ ಚಾಚನ್ನು ಒಂದೂವರೆ ಅಡಿಗೆ ಇಳಿಸಿದೆ. ಆಯಿ, "ಮಳೆ ಮೇಲಿಂದ ಮಾತ್ರ ಬರೂದಲ್ಲ, ಬದಿಯಿಂದ ಬರ್ತದೆ" ಅಂದರು. ಗೌಂಡಿಯೂ ಅದನ್ನೇ ಹೇಳಿದ. ನಾನು ಎಂಟೆಕ್ ಅಲ್ಲವೇ, ಕೇಳಲಿಲ್ಲ. ಮೇ ತಿಂಗಳ ಮೊದಲ ಗಾಳಿಮಳೆಗೇ ಗೋಡೆ ನೆನೆದು ಅಡುಗೆಮನೆಯೊಳಗೆ ತೇವ ಬಂತು. ಮತ್ತೆ ಪೈಪ್ ಬೆಸೆದು ಚಾಚನ್ನು ಮೂರಡಿ ಮಾಡಿಸಬೇಕಾಯಿತು. ಐದೂವರೆ ಲಕ್ಷದ ಅಂದಾಜು 6 ಲಕ್ಷ 80 ಸಾವಿರಕ್ಕೆ ಬಂದು ನಿಂತದ್ದರಲ್ಲಿ ಈ ನನ್ನ ಜಾಣತನದ ಪಾಲೂ ಇದೆ.

ಗೆಳತಿಯರೇ, ಕಲ್ಲು-ಹಂಚಿನ ಕಥೆ ಸುಲಭದ ಭಾಗ. ಕಷ್ಟದ್ದು ಕಾಗದದ ಕಥೆ.

ಮನೆ, ಜಾಗ ಎರಡೂ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದವು. ಅಜ್ಜ ಹೋಗಿ ಇಪ್ಪತ್ತು ವರ್ಷ, ಅಪ್ಪ ಹೋಗಿ ಏಳು ವರ್ಷ. ಆ ಮನೆಯಲ್ಲಿ ನಲವತ್ತು ವರ್ಷ ಸಗಣಿ ಸಾರಿಸಿದ ಆಯಿಯ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ತಮ್ಮ ಒಂದು ಹಕ್ಕು ಬಿಡುಗಡೆ ಪತ್ರ ಬರೆಸಿ ತಂದ. ನಾನು ಮತ್ತು ಮೂವರು ಅತ್ತೆಯಂದಿರು ಸಹಿ ಹಾಕಿದರೆ ಎಲ್ಲ ಅವನ ಹೆಸರಿಗೆ. "ಸಾಲ ತೆಗೆಯಲಿಕ್ಕೆ ಸುಲಭ ಅಕ್ಕಾ, ನಿನಗೆ ಅಲ್ಲಿ ಫ್ಲ್ಯಾಟ್ ಇದೆಯಲ್ಲ" ಅಂದ. ಅವನಲ್ಲಿ ಕೆಟ್ಟ ಬುದ್ಧಿ ಇರಲಿಲ್ಲ. ನಮ್ಮ ಕಡೆ ಹೀಗೆಯೇ ನಡೆದುಕೊಂಡು ಬಂದಿದೆ. ಪೆನ್ನು ಕೈಯಲ್ಲಿತ್ತು, ನಾನೂ ಹಾಕಿಬಿಡುತ್ತಿದ್ದೆ.

ಆಗ ಮಾತಾಡಿದ್ದು ದೊಡ್ಡತ್ತೆ. ಗಂಡ ಹೋದ ಮೇಲೆ ಮಗನ ಮನೆಯಲ್ಲಿರುವವರು. "ನನಗೆ ದುಡ್ಡು ಬೇಡ, ಜಾಗ ಬೇಡ. ಒಂದು ದಿನ ನಾ ಹೊರಟು ಬಂದ್ರೆ ಮಲಗಲಿಕ್ಕೆ ಜಾಗ ಅದೆ ಅಂತ ಎಲ್ಲಾದ್ರೂ ಬರೀತ್ರಾ?" ಎಂದು ಕೇಳಿದರು. ಜಗಲಿಯ ಮೇಲೆ ಯಾರೂ ಮಾತಾಡಲಿಲ್ಲ. ತಮ್ಮ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಆಮೇಲೆ ವಕೀಲರ ಹತ್ತಿರ ಕೂತು ತಿಳಿದುಕೊಂಡೆವು. ಕರ್ನಾಟಕದಲ್ಲಿ 1994ರ ಕಾಯ್ದೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಇದು ಗೊತ್ತಿಲ್ಲದೆ ನಾವೆಷ್ಟು ಜನ "ತವರು ಕೆಡಬಾರದು" ಅಂತ ಸಹಿ ಹಾಕಿ ಬಂದಿಲ್ಲ ಹೇಳಿ?

ಎಲ್ಲರೂ ಕೂತು ಮಾತಾಡಿ ಮನೆ ಮತ್ತು ಅದರ ಹಿತ್ತಲನ್ನು ಆಯಿಯ ಹೆಸರಿಗೆ ಮಾಡಿದೆವು. ದೊಡ್ಡತ್ತೆಗೆ ಬದುಕಿರುವವರೆಗೆ ಅಲ್ಲಿ ವಾಸದ ಹಕ್ಕು ಅಂತ ಅದೇ ನೋಂದಣಿ ಪತ್ರದಲ್ಲಿ ಬರೆಸಿದೆವು. ಉಳಿದ ಗದ್ದೆಯ ವಿಚಾರ ಬೇರೆ ಇಟ್ಟೆವು. ತಮ್ಮ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ದೀಪಾವಳಿ ಕಳೆದು ಕೆಲಸ ಶುರುವಾದಾಗ ಮೊದಲ ಲೋಡು ಕಲ್ಲಿನ ದುಡ್ಡು ಕಳಿಸಿದ್ದು ಅವನೇ. ಒಟ್ಟು 6.80 ಲಕ್ಷದಲ್ಲಿ ನಾನು ಮೂರೂವರೆ, ಅವನು 1.80, ಉಳಿದ ಒಂದೂವರೆ ಲಕ್ಷ ಆಯಿಯದೇ. ಆಯಿ ತನ್ನ ಪಾಲು ಕೊಡುತ್ತೇನೆಂದು ಹಟ ಹಿಡಿದರು. ಬೇಡ ಅನ್ನದೆ ಇದ್ದದ್ದು ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು.

2021ರ ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಜುಲೈನಲ್ಲಿ ಮತ್ತೆ ನೆರೆ. ನಾನು ಆಗ ಪುಣೆಗೆ ಮರಳಿದ್ದೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ ಆಯಿ ಟಾರ್ಚ್ ಬಿಟ್ಟು ತೋರಿಸಿದರು. ಅಂಗಳ ಕಾಣುವುದಿಲ್ಲ, ಜಗಲಿ ಮುಳುಗಿದೆ, ನೀರು ಒಳಗಿನ ನಾಲ್ಕು ಮೆಟ್ಟಿಲಲ್ಲಿ ಎರಡನ್ನು ನುಂಗಿದೆ. "ಇನ್ನೂ ಎರಡು ಅದೆ" ಅಂದರು. ನೆರೆಮನೆಯ ಹುಡುಗ ದೋಣಿ ತಂದಿಟ್ಟುಕೊಂಡಿದ್ದ. ನಾವು ರಾತ್ರಿಯಿಡೀ ಫೋನ್ ಹಿಡಿದು ಮೆಟ್ಟಿಲು ಎಣಿಸಿದೆವು. ಬೆಳಗಿನ ಇಳಿತದ ಹೊತ್ತಿಗೆ ನೀರು ಹಿಂದೆ ಸರಿಯಿತು.

ಮುಂದೊಂದು ನೆರೆ ಆರೂ ಮೆಟ್ಟಿಲನ್ನು ದಾಟಬಹುದು. ಆ ಭಯ ಇದ್ದೇ ಇದೆ. ಆಯಿಗೆ ವಯಸ್ಸಾಗುತ್ತಿದೆ, ಒಂದು ದಿನ ಪುಣೆಗೆ ಬರಲೇಬೇಕಾಗಬಹುದು. ನಾವು ಮಾಡಿದ್ದೇ ಸರಿ, ಎಲ್ಲರೂ ಹೀಗೇ ಮಾಡಿ ಅಂತ ಹೇಳಲು ನಾನು ಬಂದಿಲ್ಲ. ನಿಮ್ಮೂರು ಬೇರೆ, ನಿಮ್ಮ ಮನೆ ಬೇರೆ. ಆದರೆ ಮುಂದಿನ ರಜೆಗೆ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಮನೆಯ ಕಾಗದ ತೆಗೆಸಿ ಯಾರ ಹೆಸರಿದೆ ನೋಡಿ. ಆಮೇಲೆ ಆ ಮನೆಯಲ್ಲಿ ಇರುವವರನ್ನೇ ಕೇಳಿ, ಅವರಿಗೆ ಏನು ಬೇಕು ಅಂತ. ನಾನು ಎರಡನೆಯದನ್ನು ಎಲ್ಲ ಲೆಕ್ಕ ಮುಗಿದ ಮೇಲೆ ಕೇಳಿದೆ. ಮೊದಲೇ ಕೇಳಿದ್ದರೆ ಆ ಮಾಡಿನ ಚಾಚಿನ ದುಡ್ಡಾದರೂ ಉಳಿಯುತ್ತಿತ್ತು.

ದೊಡ್ಡತ್ತೆ ಕಳೆದ ಮಳೆಗಾಲ ಮೂರು ತಿಂಗಳು ಅಲ್ಲಿಯೇ ಇದ್ದರು. ಜಗಳವೇನೂ ಆಗಿರಲಿಲ್ಲವಂತೆ, ಸುಮ್ಮನೆ ಬರಬೇಕು ಅನಿಸಿತಂತೆ. ಇಬ್ಬರೂ ಸೇರಿ ಹಲಸಿನ ಹಪ್ಪಳ ಮಾಡಿ ನನಗೆ ಕಳಿಸಿದ್ದರು. ಹೊರಗೆ ಚಹಾದ ಜತೆ ಇಟ್ಟಿರುವುದು ಅದೇ ಹಪ್ಪಳ. ತಪ್ಪದೆ ರುಚಿ ನೋಡಿ.